ಎಂಟು ಗುಬ್ಬಿಗೆ ಎಂಟು ತಕ್ಕಡಿ

ನಮ್ಮ ಮನೆ, ಹಿತ್ತಿಲ ಮೆಟ್ಟಿಲು
ಮಂಗಳವಾರ, ಹನ್ನೆರಡನೇ ತಾರೀಕು, ಬೆಳಿಗ್ಗೆ ಎಂಟು ಗಂಟೆ

ನನ್ನ ಮನೆಗೂ ಮನಸ್ಸಿಗೂ ಒಬ್ಬಳೇ ಆದ ಯಜಮಾನಿಗೆ,

ಹೇಗಿದ್ದೀಯೆ? ಕಣ್ಣಿನ ಕಟ್ಟಿನೊಳಗಿನ ನವೆ ಕಡಿಮೆಯಾಯಿತೇ? ಡಾಕ್ಟರು ಹೇಳಿದಂತೆ ಅಂಗಾತ ಮಲಗುತ್ತಿದ್ದೀಯೋ, ಇಲ್ಲ ಮೂವತ್ತು ವರ್ಷದ ರೂಢಿಯಂತೆ ಗೋಡೆಗೆ ಮುಖಮಾಡಿ ಮುದುಡಿಕೊಳ್ಳುತ್ತಿದ್ದೀಯೋ? ಇದನ್ನು ನಿನಗೆ ಓದಿ ಹೇಳುವವಳು ನಿನ್ನ ತಂಗಿ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆದ್ದರಿಂದ ಪ್ರೇಮ ಪ್ರಕರಣವನ್ನು ನೀನು ಮನೆಗೆ ಬರುವ ಶುಕ್ರವಾರಕ್ಕೆ ಮುಂದೂಡಲಾಗಿದೆ. ನಾದಿನಿಯೇ, ನಗುವುದು ಸಾಕು, ಮುಂದೆ ಓದು. ಹೆಂಗಸರ ವಾರ್ಡಿನಲ್ಲಿ ಗಂಡಸರಿಗೇನು ಕೆಲಸ ಎಂದು ನನ್ನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ ಆ ದಪ್ಪ ಕನ್ನಡಕದ ದೊಡ್ಡ ನರ್ಸಿಗೂ ನನ್ನ ನಮಸ್ಕಾರ ತಿಳಿಸು, ದೂರದಿಂದಲೇ.

ಈಗ ಸುದ್ದಿ. ಮೊದಲು ಕೊನೆಯನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಡುವಿನದನ್ನು ಕೇಳಿ ನೀನು ಹಾಸಿಗೆಯಿಂದ ಎದ್ದುಬಿಡುತ್ತೀ. ಗುಬ್ಬಿಗಳು ಬಂದಿವೆ ಕಣೇ! ಇವತ್ತು, ಏಳು ಗಂಟೆಗೆ, ನನ್ನ ಕಣ್ಣೆದುರಿಗೇ! ಬಂದಿವೆ ಎಂದರೆ ನಡುವೆ ಹೋಗಿದ್ದವೇ ಎಂದು ಹುಬ್ಬು ಗಂಟಿಕ್ಕಬೇಡ. ಕಟ್ಟಿನ ಕೆಳಗೆ ಹುಬ್ಬು ಗಂಟಿಕ್ಕಬಾರದು. ಹೌದು, ಹೋಗಿದ್ದವು. ನಾಲ್ಕು ದಿನ. ಓಡಿಸಿದ ಮಹಾನುಭಾವ ನಾನೇ.

ನೀನು ಆಸ್ಪತ್ರೆಗೆ ಹೊರಡುವಾಗ ಬಸ್ಸಿನ ಕಿಟಕಿಯಿಂದ ಹೇಳಿದ್ದು ಒಂದೇ ಮಾತು. 'ಬೇರೆ ಏನು ಮರೆತ್ರೂ ಪರವಾಗಿಲ್ಲ ರೀ, ಗುಬ್ಬಿಗಳನ್ನ ಬಿಟ್ಟುಬಿಡಬೇಡಿ. ಎರಡು ವರ್ಷದಿಂದ ಬರೀ ಸದ್ದು ಕೇಳ್ಕೊಂಡು ಕಾಳು ಹಾಕಿದೀನಿ. ಕಣ್ಣು ಬಂದ್ಮೇಲೆ ಮೊದಲು ಅವನ್ನೇ ನೋಡ್ಬೇಕು.' ಮೊದಲು ಗಂಡನನ್ನಲ್ಲ, ಗುಬ್ಬಿಯನ್ನು! ಇರಲಿ, ನನ್ನದು ಹೇಗೂ ನೋಡಿದ ಮುಖ. ಆದರೆ ನಿನಗೆ ಕಣ್ಣು ಮಂಜಾದ ಮೇಲೆ ಕಾಣದೆ ಹೋದ ಒಂದು ಸಂಗತಿ ಆ ವಾರ ನನಗೆ ಕಂಡಿತು. ನೀನು ಹಾಕುವ ಕಾಳಿನಲ್ಲಿ ಮುಕ್ಕಾಲು ಪಾಲು ಪಾರಿವಾಳದ ಹೊಟ್ಟೆಗೆ. ಅವುಗಳ ಮುಖಂಡನಿಗೆ 'ಗುತ್ತಿಗೆದಾರ' ಎಂದು ಹೆಸರಿಟ್ಟೆ. ಹೊಟ್ಟೆ ಮುಂದೆ, ಆಮೇಲೆ ಅವನು, ಅವನ ಹಿಂದೆ ಇಡೀ ಬಳಗ. ಇವು ಪಾರಿವಾಳವಲ್ಲ, ಪರಿವಾರವಾಳ. ಅವು ಕಾಲು ಗಂಟೆಯಲ್ಲಿ ಕಾಳಿನ ಡಬ್ಬಿ ಬಳಿದು ಮುಗಿಸುವವರೆಗೆ ಗುಬ್ಬಿಗಳು ಬಟ್ಟೆ ಒಣಹಾಕುವ ತಂತಿಯ ಮೇಲೆ, ತುಂಬಿದ ಬಸ್ಸು ನಿಲ್ಲಿಸದೆ ಹೋದಾಗ ನಿಂತ ಜನರಂತೆ ಕೂತಿರುತ್ತಿದ್ದವು. ಜೊತೆಗೆ ಒಂದು ಅಳಿಲು ಬೇರೆ. ಚಪ್ಪಾಳೆ ತಟ್ಟಿದೆ, ಪೊರಕೆ ಬೀಸಿದೆ. ಹೆದರಲೆಂದು ಹಳೇ ಸೀಡಿ ತೂಗುಹಾಕಿದೆ. ಗುತ್ತಿಗೆದಾರ ಅದರಲ್ಲಿ ಮುಖ ನೋಡಿಕೊಂಡು, ರೆಕ್ಕೆ ತೀಡಿಕೊಂಡು, ಆಮೇಲೆ ಊಟಕ್ಕೆ ಕೂತ.

ಆಗ ನನಗೆ ರೋಷ ಬಂತು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಊರಿನವರ ತಕ್ಕಡಿ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ತೂಕ ಕಟ್ಟುವವನ ಮನೆಯಲ್ಲೇ ಈ ಅನ್ಯಾಯವೇ? ಅಂಗಡಿಯ ಮೂಲೆಯಲ್ಲಿದ್ದ ಹಳೇ ತಕ್ಕಡಿಯ ದಂಡಿ ತಂದೆ. ಡಬ್ಬಿಯ ಬಾಯಿಗೆ ಮುಚ್ಚಳ, ಮುಚ್ಚಳಕ್ಕೆ ದಂಡಿ, ದಂಡಿಯ ತುದಿಗೆ ಹಕ್ಕಿ ಕೂರುವ ಒಂದು ಉದ್ದನೆಯ ಕಡ್ಡಿ. ಕಡ್ಡಿಯ ಮೇಲೆ ಭಾರ ಹೆಚ್ಚಾದರೆ ಮುಚ್ಚಳ ಬೀಳುತ್ತದೆ. ಪಾರಿವಾಳ ಮುನ್ನೂರು ಗ್ರಾಂ, ಅಳಿಲು ನೂರು, ಗುಬ್ಬಿ ಇಪ್ಪತ್ತೈದು. ಅಳಿಲೂ ತಪ್ಪಿಸಿಕೊಳ್ಳಬಾರದೆಂದು ಅರವತ್ತಕ್ಕೇ ಬೀಳುವಂತೆ ಕಟ್ಟಿದೆ. ಕಳೆದ ಬುಧವಾರ ಗುತ್ತಿಗೆದಾರ ಬಂದು ಗತ್ತಿನಿಂದ ಕಡ್ಡಿಯ ಮೇಲೆ ಕೂತ. ಟಪ್! ಅವನು ಮುಚ್ಚಳ ನೋಡಿದ, ನನ್ನನ್ನು ನೋಡಿದ, ಮತ್ತೆ ಮುಚ್ಚಳ ನೋಡಿದ. ತಕ್ಕಡಿಯಿಂದಲೇ ತಕ್ಕ ಶಾಸ್ತಿ! ನಾನು ಮೆಟ್ಟಿಲ ಮೇಲೆ ಕುಣಿದದ್ದನ್ನು ಪಕ್ಕದ ಮನೆಯ ಟೈಲರಮ್ಮ ಹೊಲಿಗೆ ಮಿಷನ್ನಿನ ಪಕ್ಕದ ಕಿಟಕಿಯಿಂದ ಕಂಡಿದ್ದಾಳೆ. ಅವಳು ಹೇಳಿದರೆ ನಂಬಬೇಡ, ಕುಣಿತ ಅಷ್ಟು ಕೆಟ್ಟದಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಗುಬ್ಬಿಗಳು ಬಂದವು. ನಾನು ಹಲ್ಲುಜ್ಜುತ್ತ ಒಳಗಿದ್ದೆ, ಹೊರಗೆ ಏನಾಯಿತೆಂದು ನೋಡಲಿಲ್ಲ. ಶುಕ್ರವಾರ ಒಂದೂ ಇಲ್ಲ. ಶನಿವಾರ ಡಬ್ಬಿಯ ಕಾಳು ಹಾಕಿದಷ್ಟೂ ಹಾಗೇ ಇತ್ತು. ತಂತಿಯ ಮೇಲೆ ನನ್ನ ಬನಿಯನ್ನು ಬಿಟ್ಟರೆ ಮತ್ತಾವ ಪ್ರಾಣಿಯೂ ಇಲ್ಲ. ಬೆಕ್ಕಿನ ಮೇಲೆ ಅನುಮಾನಪಟ್ಟೆ, ಕಾಳನ್ನೇ ಬದಲಾಯಿಸಿದೆ, ನೀರಿನ ಬೋಗುಣಿ ತಿಕ್ಕಿ ತೊಳೆದೆ. ಏನು ಮಾಡಿದರೂ ಹಿತ್ತಿಲು ಗಪ್‌ಚಿಪ್. ನಿನಗೆ ಈ ಗುರುವಾರ ಕಟ್ಟು ಬಿಚ್ಚುತ್ತಾರೆ, ಶುಕ್ರವಾರ ನೀನು ಬಂದು ಈ ಮೆಟ್ಟಿಲ ಮೇಲೆ ಕೂರುತ್ತೀ, ಎದುರಿಗೆ ಖಾಲಿ ತಂತಿ. ಅದನ್ನು ನೆನೆದು ಉಣ್ಣುವ ನಡುವೆಯೂ ಎದ್ದು ಹೋಗಿ ತಂತಿ ನೋಡಿ ಬರುತ್ತಿದ್ದೆ.

ಭಾನುವಾರ ಟೈಲರಮ್ಮನೇ ಕಿಟಕಿಯಿಂದ ಕೂಗಿದಳು. 'ಅಲ್ಲಾ ಅಣ್ಣ, ಗುರುವಾರ ನಾನು ನೋಡ್ತಾನೇ ಇದ್ದೆ. ಒಂದು ಬಂದು ಕೂತ್ಕೊಳ್ತು, ಎರಡು ಬಂತು, ಮೂರನೇದು ಬಂದಿದ್ದೇ ತಡ, ಟಪ್ ಅಂತ ನಿಮ್ಮ ಬಾಗಿಲು! ಪಾಪ, ಎಷ್ಟು ಸಲ ಹಾರಿ ಹಾರಿ ಬಂದ್ವು ಗೊತ್ತಾ? ಒಬ್ಬೊಬ್ರೇ ಬಂದು ಉಂಡು ಹೋಗಿ ಅಂದ್ರೆ ಯಾರ ಮನೆ ನೆಂಟರು ಬರ್ತಾರೆ ಹೇಳಿ?' ಜಗತ್ತಿನಲ್ಲಿ ಗುಬ್ಬಿ ಯಾವತ್ತಾದರೂ ಒಂಟಿಯಾಗಿ ಉಂಡದ್ದುಂಟೇ? ಒಂದು ಗುಬ್ಬಿಯ ತೂಕ ಚೆನ್ನಾಗಿ ತಿಳಿದಿದ್ದವನಿಗೆ ಗುಬ್ಬಿಗಳ ಸಂಸಾರ ತಿಳಿಯಲಿಲ್ಲ. ಮೂರು ಸೇರಿದರೆ ಎಪ್ಪತ್ತೈದು ಗ್ರಾಂ, ನನ್ನ ಲೆಕ್ಕದಲ್ಲಿ ಅವೂ ಕಳ್ಳರೇ! ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡಬಾರದು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಮುರಿದವನು ನಾನೊಬ್ಬನೇ ಇರಬೇಕು.

ಆ ಗಳಿಗೆಯೇ ಸುತ್ತಿಗೆ ಹಿಡಿದೆ. ನಿನ್ನೆ ಅಂಗಡಿಗೆ ಬೀಗ. ಉದ್ದನೆಯ ಕಡ್ಡಿ ಕತ್ತರಿಸಿ ಎಂಟು ತುಂಡು ಮಾಡಿದೆ. ಡಬ್ಬಿಗೆ ಎಂಟು ಕಿಂಡಿ, ಎಂಟು ಪುಟ್ಟ ಮುಚ್ಚಳ, ಪ್ರತಿಯೊಂದಕ್ಕೂ ಅದರದ್ದೇ ತಕ್ಕಡಿ. ಒಬ್ಬರ ಭಾರ ಇನ್ನೊಬ್ಬರ ತಲೆಗಿಲ್ಲ, ಪಂಕ್ತಿ ಮಾತ್ರ ಒಂದೇ. ಅಳಿಲಿಗೆ ಗೋಡೆಯ ಆ ತುದಿಯಲ್ಲಿ ಹಳೇ ಸೋಪಿನ ಡಬ್ಬಿ ತುಂಬ ಕಡಲೆಕಾಯಿ ಇಟ್ಟು ರಾಜಿ ಮಾಡಿಕೊಂಡೆ. ಇವತ್ತು ಬೆಳಿಗ್ಗೆ ಉಸಿರು ಬಿಗಿಹಿಡಿದು ಇಲ್ಲಿ ಕೂತಿದ್ದೆ. ಏಳಕ್ಕೆ ತಂತಿಯ ಮೇಲೆ ಒಂದು ಕರಿಗಡ್ಡದ ಗಂಡು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಹಾರಿ ಕಿಂಡಿಗೆ ಬಂತು, ಕುಕ್ಕಿತು. ಮುಚ್ಚಳ ಬೀಳಲಿಲ್ಲ. ಎರಡನೆಯದು. ಮೂರನೆಯದು! ನಾನು ಉಗುರು ಕಚ್ಚುತ್ತಿದ್ದೆ. ಆಮೇಲೆ ಚಿಂವ್ ಚಿಂವ್ ಎಂದು ಬೇಲಿಯೊಳಗಿಂದ ಒಂದು ದಂಡೇ ಎದ್ದು ಬಂತು ಕಣೇ! ಎಂಟು ಕಿಂಡಿಯೂ ಭರ್ತಿ, ಮೇಲೆ ಮೂರು ಕಾಯುತ್ತ ಬೈಯುತ್ತ! ಒಂದು ತಾಯಿ ಬಾಯಿಂದ ಬಾಯಿಗೆ ಮರಿಗೆ ಉಣಿಸುತ್ತಿತ್ತು. ಅಷ್ಟರಲ್ಲಿ ಗುತ್ತಿಗೆದಾರ ಬಂದು ಕೊನೆಯ ಕಡ್ಡಿಯ ಗುಬ್ಬಿಯನ್ನು ಎಬ್ಬಿಸಿ ತಾನು ಕೂತ. ಟಪ್, ಅವನೊಬ್ಬನ ಕಿಂಡಿ ಮಾತ್ರ ಬಂದ್. ಪಕ್ಕದ ಗುಬ್ಬಿ ತಲೆ ಕೂಡ ಎತ್ತಲಿಲ್ಲ. ಅವನು ಈಗ ನೆಲಕ್ಕಿಳಿದು, ಉದುರಿದ್ದನ್ನು ಹೆಕ್ಕುತ್ತ ಸಂಭಾವಿತನಾಗಿದ್ದಾನೆ.

ಹನಿ ಹಾಕಿಸಿಕೊಳ್ಳುವಾಗ ಹಟ ಮಾಡಬೇಡ. ನಿನ್ನ ತಂಗಿಗೆ ನನ್ನ ಆಶೀರ್ವಾದ, ದೊಡ್ಡ ಡಾಕ್ಟರಿಗೆ ಕೃತಜ್ಞತೆ, ನಿನಗೆ ಉಳಿದದ್ದೆಲ್ಲ.

ಇತಿ ನಿನ್ನ
ತೂಕ ತಪ್ಪಿದ ಗಂಡ

ತಾ. ಕ.: ಟೈಲರಮ್ಮನ ತಮ್ಮ ಕಂಡಕ್ಟರು ಕಾಗದಕ್ಕಾಗಿ ಗೇಟಿನಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನಾದಿನಿಯೇ, ಇದನ್ನು ಅಕ್ಕನ ಕಿವಿಯಲ್ಲಿ ಮೆಲ್ಲಗೆ ಓದು. ಗುಬ್ಬಿ ನಾಲ್ಕು ದಿನ ಇರಲಿಲ್ಲ ಎಂದಮೇಲೆ ಶನಿವಾರ, ಭಾನುವಾರ ಸಂಜೆ ಫೋನಿನಲ್ಲಿ ಕೇಳಿಸಿದ ಚಿಂವ್ ಚಿಂವ್ ಯಾರದು ಎಂದು ನೀನು ಆಗಲೇ ಯೋಚಿಸುತ್ತಿರಬೇಕು. ಅದು ನಾನು. ಎಣ್ಣೆ ಕಾಣದ ಒಂದು ತಕ್ಕಡಿಯ ತಿರುಪನ್ನು ಫೋನಿನ ಹತ್ತಿರ ಹಿಡಿದು ತಿರುಗಿಸುತ್ತಿದ್ದೆ. ನೀನು 'ರೀ, ಅದ್ರಲ್ಲಿ ಒಂದಕ್ಕೆ ನೆಗಡಿ ಆದ ಹಾಗಿದೆ, ನೋಡಿ' ಎಂದೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇದನ್ನು ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಕಾಗದ. ಕಣ್ಣಿಲ್ಲದ ಹೊತ್ತಿನಲ್ಲಿ ನಿನ್ನ ಕಿವಿಗೆ ಮೋಸ ಮಾಡಿದೆ, ತಪ್ಪಾಯಿತು. ಶುಕ್ರವಾರ ಬೈಯುವುದಿದ್ದರೆ ಅಡುಗೆಮನೆಯಲ್ಲಿ ನಿಂತು ಎಷ್ಟು ಬೇಕಾದರೂ ಬೈಯಿ. ಹಿತ್ತಿಲಲ್ಲಿ ಮಾತ್ರ ಬೇಡ ಕಣೇ. ಅವು ಇವತ್ತಷ್ಟೇ ಬಂದಿವೆ, ಹೆದರಿ ಹಾರಿಬಿಟ್ಟಾವು.