ಯಾರ ಪೈಕಿ ಎಂದು ಕೇಳಬಾರದು

೨೭ ಏಪ್ರಿಲ್ ೧೯೯೮, ಸೋಮವಾರ. ಸೋಲಾಪುರ

ಇವತ್ತೂ ಟೈಪಿಂಗ್ ಕ್ಲಾಸಿಗೆ ಹೋಗಲಿಲ್ಲ. ಬಟ್ಟೆ ಒಗೆದೆ. ಅತ್ತೆಗೆ ಶೇಂಗಾ ಹುರಿದು ಕೊಟ್ಟೆ; ಅಪ್ಪನ ಈ ತಂಗಿಯ ಮನೆಯಲ್ಲೇ ನಾನಿರುವುದು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹೊಲಿಗೆ ಬಿಟ್ಟೆ, ಈಗ ಇದೂ. “ಸಾಲೀನ ಬಿಟ್ಟಾಕಿಗೆ ಉಳದದ್ದು ಬಿಡೂದೇನ್ ದೊಡ್ಡದು?” ಎಂದಳು ಅತ್ತೆ. ಮಾತು ನಿಜವೇ ಇತ್ತು, ಶಾಲೆಯನ್ನೇ ಬಿಟ್ಟವಳು ನಾನು.

ಪಕ್ಕದ ಮನೆಯ ಇಂದುಬಾಯಿ ಬಂದರು. ಕಾಲೇಜಿನ ಹುಡುಗಿಯರ ಹಾಸ್ಟೆಲಿಗೆ ರೆಕ್ಟರ್, ಅಲ್ಲಿಯ ಹುಡುಗಿಯರನ್ನು ನೋಡಿಕೊಳ್ಳುವವರು. ಯಾರಾದರೂ ಹುಡುಗಿ ಬಂದು, ನನ್ನ ಮೈಮೇಲೆ ಇಂಥವನು ಕೈ ಹಾಕಿದ ಎಂದರೆ ಸ್ಟಾಫ್ ಹೇಗೆ ಕೇಳಿಸಿಕೊಳ್ಳಬೇಕು — ಅದಕ್ಕೆ ಟ್ರೇನಿಂಗ್ ಅಂತೆ. ಹೋದ ವರ್ಷ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಾಲೇಜು ನಡೆಸುವ ಸಂಸ್ಥೆಯವರು ಇಂಥ ದೂರಿಗೆಂದೇ ಕಮಿಟಿ ಮಾಡಿದ್ದಾರೆ. ಕಲಿಸಲು ಪುಣೆಯಿಂದ ಗಾರ್ಗಿ ಮೇಡಂ ಬರುತ್ತಾರೆ. ದೂರು ಹೇಳುವ ಹುಡುಗಿಯ ಪಾತ್ರಕ್ಕೆ ಒಬ್ಬರು ಬೇಕು. ಕಾಲೇಜಿನ ಹುಡುಗಿಯರು ಯಾರೂ ಒಪ್ಪಿಲ್ಲ.

“ಆಟದಾಗ ಹೇಳಿದ್ರೂ ಹೆಸರು ಅಂಟ್ಕೋತೈತಿ ಅಂತಾರ. ನೀ ಹೊರಗಿನಾಕಿ. ಬಾ.”

“ನನಗ ಸುಳ್ಳು ಹೇಳಾಕ ಬರೂದಿಲ್ರೀ.”

“ನಾಟಕಕ್ಕ ಯಾರರ ಸುಳ್ಳು ಅಂತಾರೇನ, ಹುಚ್ಚಿ?”

ನಾನು ಅನ್ನುತ್ತೇನೆ. ಆದರೂ ಹ್ಞೂ ಎಂದೆ. ಸಂಸ್ಥೆಯ ಹೆಸರು ಕೇಳಿದ್ದರಿಂದ. ಅಕ್ಕಲಕೋಟೆಯಲ್ಲಿ ನಾನು ಬಿಟ್ಟ ಹೈಸ್ಕೂಲೂ ಅದೇ ಸಂಸ್ಥೆಯದು.

೨೮ ಏಪ್ರಿಲ್, ಮಂಗಳವಾರ

ನಕ್ಕು ನಕ್ಕು ಹೊಟ್ಟೆ ನೋವು.

ಟ್ರೇನಿಂಗಿನಲ್ಲಿ ಕಾಲೇಜು ಆಫೀಸಿನ ಹೆಡ್‌ಕ್ಲಾರ್ಕ್ ಮಲಕಾಜಪ್ಪ ಕಾಕಾ ಮೊದಲು ದೂರು ಕೇಳುವವರಾಗಿ ಕೂತರು. ಹನ್ನೂರಿನವರು. ಇಡೀ ಅಕ್ಕಲಕೋಟೆ ತಾಲೂಕಿನ ಮನೆತನಗಳು ಅವರ ನಾಲಗೆಯ ಮೇಲಿವೆಯಂತೆ. ನಾನು ಬಾಗಿಲಲ್ಲಿ ನಿಂತೆ. ಗಾರ್ಗಿ ಮೇಡಂ ಹೇಳಿಕೊಟ್ಟಂತೆ, “ಸರ್, ನಂದೊಂದು ತಕ್ರಾರು ಐತ್ರಿ” ಎಂದೆ.

“ಬಾರವಾ, ಕೂಡು. ಯಾ ಊರು? ಯಾರ ಪೈಕಿ ಆಗ್ಬೇಕು?”

ಮೇಡಂ ಅಲ್ಲೇ ತಡೆದರು. ಅಪ್ಪನ ಹೆಸರು ಕೋಣೆಯೊಳಗೆ ಬಂತೆಂದರೆ ಹುಡುಗಿಯ ಬಾಯಿ ಕಟ್ಟಿತು ಎಂದೇ ತಿಳಿಯಿರಿ, ಎಂದರು. ಮೊದಲ ಮಾತು — ಬಂದದ್ದು ಒಳ್ಳೆಯದಾಯಿತು. ಆಮೇಲೆ ಅವಳು ಹೇಳಿದಷ್ಟು ಕೇಳುವುದು. ಕೊನೆಗೆ — ಈಗ ನಿನಗೆ ಏನು ಬೇಕು? ಅವಳನ್ನು ಕೇಳದೆ ಮನೆಗೆ ಸುದ್ದಿ ಕಳಿಸುವಂತಿಲ್ಲ.

ಕಾಕಾ ಒದ್ದಾಡಿದರು. “ಊರು-ಮನಿ ಕೇಳಲಾರ್ದ ಹ್ಯಾಂಗ್ ಮಾತಾಡೂದ್ರೀ ಮೇಡಂ? ನಾವು ನಾಯಿಗೆ ಭಾಕ್ರಿ ಹಾಕೂ ಮುಂದೂ ಯಾರ ಮನೀದು ಅಂತ ಕೇಳ್ತೀವಿ.”

ಇನ್ನೊಮ್ಮೆ ಮಾಡಿದರು. ಬಂದದ್ದು ಛಲೋ ಆತವಾ, ಎಂದರು. ಮೇಜಿನ ಮೇಲಿನ ಪೆನ್ನು ತಿರುಗಿಸಿದರು. ಹಣೆ ಬೆವರಿತು. ತಡೆಯಲಾಗಲಿಲ್ಲ. “ಮತ್ತ... ನಿಮ್ಮ ಕಡೆ ಬೆಳಿ ಹ್ಯಾಂಗೈತಿ?”

ಮೇಡಂ ಕೂಡ ನಕ್ಕರು. ನನ್ನ ನಾಟಕವೂ ಅಷ್ಟೇ ಕೆಟ್ಟದ್ದಿತ್ತು. ಮೇಡಂ ಬರೆದುಕೊಟ್ಟ ಕಥೆಯನ್ನು ಎರಡು ಸಲ ತಪ್ಪಿದೆ.

ಮನೆಗೆ ಬಂದ ಮೇಲೆ ನಗು ಹೋಯಿತು. ಅಪ್ಪನ ಹೆಸರಿನ ಬಗ್ಗೆ ಮೇಡಂ ಹೇಳಿದ ಆ ಮಾತು... ನನ್ನ ಒಳಗಿನದು ಅವರಿಗೆ ಹೇಗೆ ಗೊತ್ತು?

೨೯ ಏಪ್ರಿಲ್, ಬುಧವಾರ

ಹೇಳಿಬಿಟ್ಟೆ.

ಮೂರನೇ ಸಲವೂ ತಪ್ಪಿದಾಗ, “ಇದು ನನಗ ಆಗೂದಿಲ್ರೀ, ನಾ ಖರೇದ್ದ ಹೇಳ್ತೀನಿ” ಎಂದೆ. ಎದುರಿಗೆ ಕಾಕಾ ಇದ್ದರು. ಹೇಳಿದೆ. ಒಂಬತ್ತನೇ ಇಯತ್ತೆಯಲ್ಲಿ ಓದುತ್ತಿದ್ದೆ. ನಕಾಶೆ ಇಡುವ ಕೋಣೆ. ಡ್ರಾಯಿಂಗ್ ಮಾಸ್ತರ ಬಾಗಿಲು ಹಾಕಿದ. ಮೈಮೇಲೆ ಕೈ ಹಾಕಿದ. ಕೈ ಕಚ್ಚಿ ಓಡಿದೆ, ನೇರ ಮುಖ್ಯಾಧ್ಯಾಪಕಿ ಹೆಡ್‌ಬಾಯಿಯ ಕೋಣೆಗೆ. ಡ್ರಾಯಿಂಗ್ ಮಾಸ್ತರ ಎನ್ನುವಷ್ಟರಲ್ಲೇ, ಯಾರ ಮಗಳು ನೀನು, ಎಂದರು. ಅಪ್ಪನ ಹೆಸರು ಹೇಳಿದೆ. ಇಷ್ಟು ಒಳ್ಳೆಯ ಮನೆತನ, ಅವರ ಮಾನ ನೋಡಬೇಡವೇ, ಎಂದರು. ಮುಂದೆ ಒಂದು ಮಾತೂ ಬರಲಿಲ್ಲ. ಮಾರನೇ ದಿನದಿಂದ ಶಾಲೆಗೆ ಹೋಗಲಿಲ್ಲ. ಮನೆಯಲ್ಲಿ ಸುಳ್ಳು ಹೇಳಲಿಲ್ಲ. ಕಾರಣ ಹೇಳಲಿಲ್ಲ, ಅಷ್ಟೇ. ಓದಲು ಮೈಗಳ್ಳಿ ಎಂದು ಅವರೇ ತಿಳಿದುಕೊಂಡರು.

ಹಿಂದಿನ ಸಾಲಿನಲ್ಲಿ ಯಾರೋ, “ಇವತ್ತ ಆ್ಯಕ್ಟಿಂಗ್ ಭಾರಿ ಆತು” ಎಂದರು. ಕಾಕಾ ತಿರುಗಿ ನೋಡಿದರು.

ಅವರ ತುಟಿ ಅಲುಗಿದ್ದು ಕಂಡೆ. ಯಾರ ಪೈಕಿ ಎಂಬ ಆ ಪ್ರಶ್ನೆ ಅಲ್ಲೇ ಇತ್ತು. ನುಂಗಿದರು.

“ಬಂದದ್ದು ಛಲೋ ಆತವಾ. ಈಗ ನಿನಗ ಏನ್ ಬೇಕು?”

ಐದು ವರ್ಷ ಯಾರೂ ಕೇಳದ ಮಾತು. ಬಾಯಿಗೆ ಬಂದದ್ದು ಇದು — ತಂಗಿ ಸ್ನೇಹಲ ಜೂನ್‌ನಲ್ಲಿ ಅದೇ ಶಾಲೆಗೆ ಎಂಟನೇ ಇಯತ್ತೆಗೆ ಹೋಗುತ್ತಾಳೆ. ಆ ಮಾಸ್ತರ ಇನ್ನೂ ಅಲ್ಲಿದ್ದಾನೆ. ಅವನು ಅಲ್ಲಿರಬಾರದು.

“ಆ ಸಾಲೀನೂ ನಮ್ಮ ಸಂಸ್ಥೇದ ಐತಿ. ಕಮಿಟಿ ಮುಂದ ಹೇಳಬಹುದು. ಹೇಳಲೇಬೇಕಂತೇನಿಲ್ಲ. ಹೇಳೂದಾದ್ರ ನಾ ಬಾಗಲ ಹಂತ್ಯಾಕ ನಿಂತಿರ್ತೀನಿ” ಎಂದರು ಕಾಕಾ.

ಹೊರಗೆ ಬಂದಾಗ ಗಾರ್ಗಿ ಮೇಡಂ ಜೊತೆಗೆ ನಡೆದರು. ಗೇಟಿನಲ್ಲಿ ಕಬ್ಬಿನ ಹಾಲು ಕುಡಿಸಿದರು. ಇಷ್ಟು ಸಿಹಿ ಎಂದಾದರೂ ಇತ್ತೇ!

೯ ಮೇ, ಶನಿವಾರ

ಕಮಿಟಿಗೆ ಹೇಳಿಯಾಯಿತು, ಇಂದುಬಾಯಿಯ ಮುಖಾಂತರ. ವಿಚಾರಣೆಗೆ ಕರೆಯುತ್ತಾರೆ. ಅಪ್ಪನಿಗೆ ಮಾತ್ರ ಇನ್ನೂ ಗೊತ್ತಿಲ್ಲ.

ಪಾತ್ರೆ ಅಂಗಡಿಗೆ ಮಾಲು ಒಯ್ಯಲು ಅಪ್ಪ ಅಕ್ಕಲಕೋಟೆಯಿಂದ ಬಂದಿದ್ದಾರೆ. ಅಂಗಳದಲ್ಲಿ ಕೂತಿದ್ದರು. ಇಂದುಬಾಯಿಯ ಮನೆಯಿಂದ ಮಲಕಾಜಪ್ಪ ಕಾಕಾ ಹೊರಬಿದ್ದರು! ಅಪ್ಪನಿಗೂ ಅವರಿಗೂ ಹಳೆಯ ಗುರುತು. ಕಾಕಾ ಅಪ್ಪನನ್ನು ನೋಡಿದರು, ಚಹಾ ತಂದ ನನ್ನನ್ನು ನೋಡಿದರು. ನಾನು ಯಾರ ಪೈಕಿ ಎಂಬುದು ಆಗ ತಿಳಿಯಿತು ಅವರಿಗೆ. ಊರಿಗೆಲ್ಲ ಸುದ್ದಿ ಹಂಚುವ ಮನುಷ್ಯ.

“ಏನ್ ಮಲಕಾಜಪ್ಪ, ನಮ್ಮ ಚಂದ್ರಭಾಗಾನ ಗುರ್ತು ಐತೇನು?” ಎಂದರು ಅಪ್ಪ.

“ಐತಿ. ನಮ್ಮ ಕಾಲೇಜಿಗೆ ಬಂದಿದ್ಲು. ನಮಗ ಕಲಿಸಾಕ.”

“ಸಾಲಿ ಬಿಟ್ಟಾಕಿ ನಿಮಗೇನ್ ಕಲಿಸ್ತಾಳೋ ಮಾರಾಯಾ?”

“ಆಕಿನ್ನ ಕೇಳು ನಾಗೇಶ. ಹೇಳಿದ್ರ ಕೇಳು. ಇಲ್ಲಂದ್ರ ಬಿಡು.” ಬಿಸಿ ಚಹಾ ಬಸಿ ತಟ್ಟೆಗೆ ಸುರಿದು ಕುಡಿದು ಹೊರಟೇಬಿಟ್ಟರು. ಪುಣ್ಯಾತ್ಮ. ನಾಲಗೆ ಸುಟ್ಟುಕೊಂಡಿರಬೇಕು.

೧೦ ಮೇ, ರವಿವಾರ

ಅಪ್ಪನಿಗೆ ಹೇಳಿದೆ. ಎಲ್ಲವನ್ನೂ.

“ಆವಾಗ ಯಾಕ ಹೇಳಲಿಲ್ಲ?”

“ನಿಮ್ಮ ಹೆಸರು ಕೇಳಿದ್ರಪ್ಪಾ. ಅದು ಹೇಳಿದ ಮ್ಯಾಲ ಬಾಯಿ ತೆರೀಲಿಲ್ಲ.”

ಯಾರು ಕೇಳಲಿ ಬಿಡಲಿ, “ಭಾಂಡೆ ಅಂಗಡಿ ನಾಗೇಶ, ಮೂರು ತಲಿಮಾರಿಂದ ಅಕ್ಕಲಕೋಟ” ಎನ್ನುವ ಮನುಷ್ಯ ನಮ್ಮಪ್ಪ. ಆ ಹೆಸರೇ ನನ್ನ ಬಾಯಿ ಕಟ್ಟಿತ್ತು ಎಂದದ್ದು ಅವರಿಗೆ ಹೇಗೆ ನಾಟಿತೋ. ಎದ್ದರು. ಮಾಲಿನ ಗಂಟು ಇಲ್ಲೇ ಬಿಟ್ಟು ಬಸ್ಸಿಗೆ ಹೋದರು.

೮ ಜೂನ್, ಸೋಮವಾರ

ಕಾಲೇಜಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಕಮಿಟಿ. ಗಾರ್ಗಿ ಮೇಡಂ ಪುಣೆಯಿಂದ ಬಂದಿದ್ದಾರೆ. ಇಂದುಬಾಯಿ ನನ್ನ ಜಡೆ ಬಿಚ್ಚಿ ಮತ್ತೆ ಹಾಕಿ ಒಳಗೆ ಹೋದರು. ಬಾಗಿಲ ಬಳಿ ಕಾಕಾ, ಇಸ್ತ್ರಿ ಅಂಗಿ ಹಾಕಿಕೊಂಡು. ಅವನನ್ನು ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಶಾಲೆ ಶುರುವಾಗುವುದು ಮುಂದಿನ ವಾರ. ಆದರೂ ಮನಸ್ಸು ತುಂಬಿದೆ. ಇಷ್ಟು ಜನ ನನಗಾಗಿ ಎದ್ದು ಬಂದಿದ್ದಾರೆ.

ಬಸ್ಸಿಗೆ ಹೋದ ದಿನದಿಂದ ಅಪ್ಪನ ಸುದ್ದಿಯಿಲ್ಲ. ಇವತ್ತಿನ ತಾರೀಖು ಕಾಗದ ಬರೆದು ತಿಳಿಸಿದ್ದೆ, ಬರುವುದಿಲ್ಲ ಎಂದುಕೊಂಡಿದ್ದೆ.

ಈಗ ಬಂದರು. ನೆಟ್ಟಗೆ ಬಂದು ಪಕ್ಕದಲ್ಲಿ ಕೂತರು. ಬೆಂಚು ಕಿರ್ರೆಂದಿತು. ಆಫೀಸಿನ ಹೊಸ ಜವಾನ ಬಂದು ಗದರಿದ, “ಇಲ್ಲಿ ಹೊರಗಿನವ್ರು ಕೂಡೂಹಂಗಿಲ್ರೀ. ಯಾರು ನೀವು? ಯಾರ ಪೈಕಿ?”

ಕಾಕಾ ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಅಪ್ಪ ಹೇಳಿದರು —

“ನಾ ಚಂದ್ರಭಾಗಾನ ಅಪ್ಪ ರೀ.”

ಅಂಗಡಿ ಇಲ್ಲ, ಅಕ್ಕಲಕೋಟ ಇಲ್ಲ. ಅಷ್ಟೇ.

ಬಾಗಿಲು ತೆಗೆದರು. ಇಂದುಬಾಯಿ ಕೈಮಾಡಿ ಕರೆಯುತ್ತಿದ್ದಾರೆ. ಈಗ ನಿನಗೆ ಏನು ಬೇಕು ಎಂದು ಕೇಳಿದರೆ, ನಾನು ಮೊದಲು ಹೇಳುವುದು ಇದೇ — ಸ್ನೇಹಲ ಹೋಗುವ ಶಾಲೆಯಲ್ಲಿ ಆ ಮಾಸ್ತರ ಇರಬಾರದು.