ಬೆಟ್ಟದ ಪಾಲಿಗೆ ಸಿಮೆಂಟು ಮೆತ್ತಿಸಿದವರಿಗೆ

ಕೆರೆ ಅಭಿವೃದ್ಧಿ ಕಚೇರಿಯ ಮುಖ್ಯಾಧಿಕಾರಿಗಳೇ,

ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ, ಲಗ್ಗೆರೆಯ ನಮ್ಮ ಬೀದಿಯ ತುದಿಯಲ್ಲಿರುವ ಹಳೆಯ ಕಲ್ಲುಗಣಿಯ ಬಂಡೆಗೆ ಹಸಿ ಸಿಮೆಂಟು ಮೆತ್ತಿರುವುದು ಕಂಡಿತು. ಬಂಡೆಗೆಲ್ಲ ಅಲ್ಲ. ಕಾಲುದಾರಿಯ ಪಕ್ಕ ಸಾಲಾಗಿದ್ದ ಉಳಿಯ ಗುಳಿಗಳಿಗೆ ಮಾತ್ರ. ಪಕ್ಕದಲ್ಲೇ ಕಳೆದ ತಿಂಗಳು ನೀವು ನೆಟ್ಟ ಹೊಸ ಫಲಕ: ‘ಪುರಾತನ ನೈಸರ್ಗಿಕ ಕೆರೆ’. ನೈಸರ್ಗಿಕ ಕೆರೆಗೆ ಉಳಿಯ ಗುರುತು ಬಂದದ್ದು ಹೇಗೆ? ಬಂದದ್ದೇ ಆದರೆ, ಅದನ್ನು ಮುಚ್ಚುವ ಅವಸರ ನಿಮಗೇಕೆ?

ಸಿಮೆಂಟು ಕಲಸುತ್ತಿದ್ದ ರಾಯಚೂರು ಕಡೆಯ ಅಮರೇಶನನ್ನು ಕೇಳಿದೆ. "ನಮಗೇನ್ ಗೊತ್ರೀ ಅಕ್ಕಾರ? ತೂತು ಮುಚ್ಚು ಅಂದಾರ್ರೀ ಸಾಹೇಬ್ರು, ಮುಚ್ಚಾಕತ್ತೀನಿ. ನೀರು ಸೋರತೈತಂತ." ನೀರಿಗಿಂತ ಆಳೆತ್ತರ ಮೇಲಿರುವ ಗುಳಿಯಿಂದ ನೀರು ಸೋರುವುದನ್ನು ಕಂಡುಹಿಡಿದ ತಮ್ಮ ತಂತ್ರಜ್ಞರಿಗೆ ನನ್ನ ನಮಸ್ಕಾರ.

ಆ ಗುಳಿಗಳನ್ನು ಕೊರೆದವರು ನನ್ನ ಮುತ್ತಜ್ಜ ಹನುಮಯ್ಯ ಮತ್ತು ಅವರ ಜೊತೆಯವರು. ಆಗ ಇಲ್ಲಿ ನೀರಿರಲಿಲ್ಲ, ಬೆಟ್ಟವಿತ್ತು. ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಮನೆಗಳು ಏಳುತ್ತಿದ್ದಾಗ ಪಾಯದ ಸೈಜುಗಲ್ಲು, ಬಾಗಿಲ ಮುಂದಿನ ಚಪ್ಪಡಿ ಇಲ್ಲಿಂದಲೇ ಹೋಗುತ್ತಿದ್ದವು. ಸಾಲಾಗಿ ಗುಳಿ ಕೊರೆದು ಕಬ್ಬಿಣದ ಬೆಣೆ ಹೊಡೆದರೆ ಬಂಡೆ ಸೀಳುತ್ತದೆ. ಗಣಿ ನಿಲ್ಲಿಸುವ ದಿನ ಮಾತ್ರ ಕೊನೆಯ ಸಾಲು ಕೊರೆದು, ಬೆಣೆ ಹೊಡೆಯದೆ, ಬಂಡೆಗೆ ಅರಿಶಿನ ಹಚ್ಚಿ ಮನೆಗೆ ಹೋಗುವುದು ಅವರ ಪದ್ಧತಿ. ಅದು ಬೆಟ್ಟದ ಪಾಲು. ಅದನ್ನು ಯಾರೂ ಸೀಳುವಂತಿಲ್ಲ. ಕಲ್ಲು ತೆಗೆದ ಗುಂಡಿಗೆ ಮಳೆನೀರು ಇಳಿದದ್ದು ಆಮೇಲೆ.

ಗುಂಡಿ ನಿಮಗೆ ಕೆರೆಯಾಗಿ ಕಂಡರೆ ನಗಬಹುದಿತ್ತು. ಆದರೆ ಕಳೆದ ವಾರ ನಮ್ಮದೂ ಸೇರಿ ಗಣಿಯ ಅಂಚಿನ ಕಲ್ಲುಕುಟಿಗರ ಮನೆಗಳ ಗೋಡೆಗೆ ಕೆಂಪು ಗೀಟು ಎಳೆದವರೂ ನಿಮ್ಮವರೇ. ಕೆರೆಯೆಂದಾದರೆ ಅಂಚಿನಲ್ಲಿರುವ ಮನೆ ಒತ್ತುವರಿ. ಗಣಿಯೆಂದಾದರೆ ದುಡಿದವರ ಮನೆ ದುಡಿದ ಜಾಗದಲ್ಲಿದೆ, ಅಷ್ಟೇ. ಮೊದಲು ಫಲಕ, ಆಮೇಲೆ ಗೀಟು, ಈಗ ಸಿಮೆಂಟು. ಇದೆಲ್ಲ ತಾನಾಗಿಯೇ ಹೀಗೆ ಒಂದರ ಹಿಂದೊಂದು ಬಂತೆಂದು ನಂಬಬೇಕೆ, ಮಾನ್ಯರೇ?

"ನಮ್ಮನ್ನ ಒತ್ತುವರಿ ಮಾಡ್ದೋರು ಅಂತಾರಂತೆ ಅಜ್ಜಿ" ಎಂದೆ, ಹಾಲು ತಂದಿಟ್ಟು. ಹನುಮಯ್ಯನವರ ಮಗಳು, ನನ್ನ ಅಜ್ಜಿ ಮುನಿಲಕ್ಷ್ಮಮ್ಮ, ಸೊಪ್ಪು ಬಿಡಿಸುತ್ತಲೇ ಹೇಳಿದರು:

"ಕೆರೆ ಅಂತೆ ಕೆರೆ! ನಮ್ಮಪ್ಪ ತೋಡಿದ್ ಗುಂಡಿ ಕಣೇ ಅದು. ಆ ಸಾಹೇಬ್ರ ಮನೆ ಪಾಯಾನೂ ಇಲ್ಲಿಂದ್ಲೇ ಹೋಗಿರ್ಬೇಕು, ಹೋಗಿ ಕೇಳು. ನೀನೆಲ್ಲಿ ಕೇಳ್ತೀಯ? ಹಾಲಿನವ್ನ ಹತ್ರ ಚಿಲ್ರೆ ಕೇಳಕ್ಕೂ ನಾಚ್ಕೋತೀಯ."

ನಿಜ. ನಿಮ್ಮ ಸಭೆಯಲ್ಲಿ ಎದ್ದು ನಿಂತು ಮಾತಾಡುವುದು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ. ಫಲಕದಲ್ಲಿ ‘ಕಲ್ಲುಗಣಿ’ ಎಂದು ಬರೆಸಿ. ನಮ್ಮ ಗೋಡೆಗಳ ಗೀಟು ಅಳಿಸಿ. ಗುಳಿಗಳ ಸಿಮೆಂಟು ತೆಗೆಸಿ.

ಕೊನೆಯದು ನಿಮ್ಮಿಂದ ಆಗದಿದ್ದರೂ ಅಡ್ಡಿಯಿಲ್ಲ. ಮುತ್ತಜ್ಜನ ಉಳಿ ಅಟ್ಟದ ಮೇಲಿತ್ತು. ಇಳಿಸಿ ತುಕ್ಕು ಉಜ್ಜಿಟ್ಟಿದ್ದೇನೆ. ನಾಳೆಯಿಂದ ಹಾಲಿಗೆ ಹೋಗುವಾಗ ಅದೂ ನನ್ನ ಚೀಲದಲ್ಲಿರುತ್ತದೆ.

ಇಂತಿ,
ನಿಮ್ಮ ಪುರಾತನ ಕೆರೆಯ ಹೊಚ್ಚಹೊಸ ಒತ್ತುವರಿದಾರಳು,
ಸ್ಪಂದನ