ಬಾಬಣ್ಣ ನಗುವ ಪಟ

ನವೆಂಬರ್ ೧೪, ಶುಕ್ರವಾರ

ಸುಗುಣಳಿಗೆ ಸುಳ್ಳು ಹೇಳಿದ್ದು ಇನ್ನೂ ಕೊರೆಯುತ್ತಿದೆ. ಅವಳ ಅಪ್ಪ ಬಾಬಣ್ಣ ತೀರಿಕೊಂಡಿದ್ದಾನೆ, ನಾಡಿದ್ದು ಬೊಜ್ಜದ ಕ್ರಿಯೆ. ಹಾರ ಹಾಕಲು ಪಟ ಬೇಕೆಂದು ಬೆಳಿಗ್ಗೆ ಸ್ಟುಡಿಯೊಗೆ ಬಂದಿದ್ದಳು. "ನನ್ ಮದಿಯಂಗೆ ಅಪ್ಪಯ್ಯ ನಗಾಡಿದ್ ಪಟ ತೆಗ್ದಿದ್ರಲೆ ಅಣ್ಣ, ಅದೇ ಕೊಡಿ."

ಹುಡುಕಲು ಸುಲಭವಾಗಲೆಂದು ಹತ್ತು ವರ್ಷದ ಪಟಗಳನ್ನೆಲ್ಲ ಒಂದೇ ಫೋಲ್ಡರಿಗೆ ಸುರಿದವನು ನಾನೇ. ಈಗ ಅದನ್ನು ತೆರೆದರೆ, ಲಕ್ಷಗಟ್ಟಲೆ ಹೆಸರುಗಳನ್ನು ಓದಿ ಮುಗಿಸುವವರೆಗೆ ಕಂಪ್ಯೂಟರು ಏನನ್ನೂ ತೋರಿಸುವುದಿಲ್ಲ. ತೆರೆದು ಸ್ವಲ್ಪ ಕಾದೆ; ನಾನು ಪಟ ತೆಗೆಯಬೇಕಿದ್ದ ತೆಕ್ಕಟ್ಟೆಯ ಮದುವೆಗೆ ಹೊತ್ತಾಗುತ್ತಿತ್ತು. ಡಿಸ್ಕ್ ಹಾಳಾಗಿದೆ, ಪಟ ಹೋಯಿತು ಎಂದುಬಿಟ್ಟೆ.

"ಅಡ್ಡಿಲ್ಲ ಅಣ್ಣ, ನೀವಾರೂ ಎಂತ ಮಾಡುಕಾತ್ತ್" ಎಂದು ನನ್ನನ್ನೇ ಸಮಾಧಾನ ಮಾಡಿ, ದೊಡ್ಡದು ಮಾಡಲು ಆಧಾರ್ ಕಾರ್ಡಿನ ಪಟ ಕೊಟ್ಟು ಹೋದಳು. ಅದರಲ್ಲಿ ಬಾಬಣ್ಣ ಯಾರೋ ಗದರಿಸಿ ಕೂರಿಸಿದಂತಿದ್ದಾನೆ.

ಸಂಜೆ ಬಂದು ನೋಡಿದರೆ, ನಾನು ಮುಚ್ಚಲು ಮರೆತಿದ್ದ ಫೋಲ್ಡರು ಪೂರ್ತಿ ತೆರೆದುಕೊಂಡಿತ್ತು. ಸುಗುಣಳ ಮದುವೆಯ ತಾರೀಕು ಹುಡುಕಿದೆ, ಬಾಬಣ್ಣ ಸಿಕ್ಕಿದ. ಬಾಯಲ್ಲಿ ಎಲೆಯಡಿಕೆ, ಕಣ್ಣು ಮುಚ್ಚಿಹೋಗುವಷ್ಟು ನಗು.

ಆಗಿನಿಂದ ಫೋನು ಹಿಡಿದು ಕೂತಿದ್ದೇನೆ. ಡಿಸ್ಕ್ ಸರಿಯಾಯಿತು ಎಂದರೆ ಸಾಕು, ನಂಬುತ್ತಾಳೆ. ಬೆಳಿಗ್ಗೆಯೇ ಓಡಿಬಂದು ನನಗೆ ಕೈ ಮುಗಿದರೂ ಮುಗಿದಾಳು. ಆಗ ನಾನು ಎಲ್ಲಿ ನೋಡಲಿ?